ಗ್ರಹಣದ ಫೋಟೊ

ಎಕ್ಸ್‌ರೇ ಹಾಳೆ ಕೈಯಲ್ಲಿ ಪಟಪಟ ಸದ್ದು ಮಾಡಿದರೆ ಈಗಲೂ ಕಮಲಾಪುರದ ನಮ್ಮ ಮಾಳಿಗೆ ಕಣ್ಣೆದುರು ಬರುತ್ತದೆ.

ಚಳಿಗಾಲದ ಆ ಮಧ್ಯಾಹ್ನ ಸೂರ್ಯಗ್ರಹಣವಿತ್ತು. ಫೋಟೊ ತೆಗೆಯಲು ಕಾಕಾ ಕ್ಯಾಮೆರಾ ತಂದಿದ್ದ. ಹಿಂದಿನ ದಿನವಷ್ಟೇ ಕಲಬುರಗಿಯಲ್ಲಿ ತೆಗೆಸಿದ್ದ ಅವ್ವನ ಎದೆಯ ಎಕ್ಸ್‌ರೇಯನ್ನು ನಾನೇ ಟ್ರಂಕಿನಿಂದ ಎತ್ತಿ ತಂದುಕೊಟ್ಟೆ.

“ನಾಳಿ ಡಾಕ್ಟರಿಗಿ ತೋರ್ಸೋದದ, ಮಡಚಬ್ಯಾಡ್ರಿ,” ಎಂದು ಅವ್ವ ಕೆಮ್ಮುತ್ತಲೇ ಕೆಳಗಿನಿಂದ ಕೂಗಿದಳು.

ಓಣಿಯ ಮಕ್ಕಳೆಲ್ಲ ಅವ್ವನ ಪಕ್ಕೆಲುಬುಗಳ ನಡುವಿನಿಂದ ಸೂರ್ಯನನ್ನು ನೋಡಿದರು. ಕಾಕಾ ಅದನ್ನೇ ಕ್ಯಾಮೆರಾಕ್ಕೆ ಅಡ್ಡ ಹಿಡಿದು ಫೋಟೊ ತೆಗೆದ.

ಹದಿನೈದು ದಿನಕ್ಕೆ ಫೋಟೊ ತೊಳೆದು ಬಂತು. ಅರ್ಧ ಉಳಿದ ಸೂರ್ಯನ ಪಕ್ಕದಲ್ಲಿ, ಪಕ್ಕೆಲುಬುಗಳ ಗೆರೆಗಳ ನಡುವೆ ಬೆಳ್ಳಗೆ ಏನೋ ಕವಿದಿತ್ತು.

“ಮೋಡ ಭಾಳ ಛಂದ ಬಂದದ ನೋಡ್ ಕಾಕಾ,” ಎಂದೆ.

ಕಾಕಾ ಫೋಟೊವನ್ನು ಬೋರಲು ಹಾಕಿದ.

ಆ ದಿನ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.