ಸಿಗ್ನೆಯ ಕಾಡಿಗೆ ತಕ್ಕ ಗರಗಸ

ತೂರೆ ಮೂರನೆಯ ಚೈನ್‌ಸಾ ಗರಗಸವನ್ನು ಎತ್ತಿ, ತೂಗಿ, ಮೂಗಿನ ಹತ್ತಿರ ಹಿಡಿದು ಮೂಸಿ, ಕೌಂಟರಿನ ಮೇಲೆ ಕುಕ್ಕಿದ.

"ಇದೂ ಬೇಡ. ಇದು ಗುಲಾಬಿ ಗಿಡ ಸವರೋಕೆ ಸರಿ. ಸಿಗ್ನೆ, ನಾನು ಬರದೇ ಇದ್ದಿದ್ರೆ ಈ ಆಸಾಮಿ ಇದನ್ನೇ ನಿಮಗೆ ದಾಟಿಸಿಬಿಡ್ತಿದ್ದ."

ಅಂಗಡಿಯ ಆಲ್ಗಟ್ ನಕ್ಕ. ಅವರಿಬ್ಬರೂ ಒಳಗೆ ಬಂದಾಗಿನಿಂದ ಅವನು ನಗುತ್ತಲೇ ಇದ್ದ. ಹಾಗೆ ನಗುವ ವ್ಯಾಪಾರಿಯನ್ನು ನಂಬಬಾರದೆಂಬುದು ತೂರೆಯ ಸಿದ್ಧಾಂತ. ಬರುವ ಸೋಮವಾರದಿಂದ ಅಂಗಡಿ ಮುಚ್ಚಿರುತ್ತದೆ ಎಂದು ಬಾಗಿಲಿಗೆ ಚೀಟಿ ಬೇರೆ ಅಂಟಿಸಿದ್ದ. ವ್ಯಾಪಾರ ಮುಳುಗಿದೆ, ಉಳಿದ ಸರಕನ್ನು ಗಂಡನಿಲ್ಲದ ಹೆಂಗಸಿನ ತಲೆಗೆ ಕಟ್ಟಲು ನೋಡುತ್ತಿದ್ದಾನೆ, ಎಂದು ತೂರೆ ಹೊಸ್ತಿಲು ದಾಟುವಾಗಲೇ ತೀರ್ಮಾನಿಸಿದ್ದ.

ಸಿಗ್ನೆಯ ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವನು ಬಿಟ್ಟುಹೋದದ್ದು ಸರೋವರದ ಪಕ್ಕದ ಜಮೀನು, ಅದರ ಬೆನ್ನಿಗೆ ಸ್ಪ್ರೂಸ್ ಮರಗಳ ಕಾಡು. ಸ್ಮೋಲಂಡ್ ಪ್ರಾಂತ್ಯದ ಆ ಸೀಮೆಯಲ್ಲೇ ಅಂಥ ನೆಟ್ಟನೆಯ ಮರಗಳು ಬೇರೆಲ್ಲೂ ಇರಲಿಲ್ಲ. ಬೇಲಿಯ ಈಚೆಗೆ ತೂರೆಯ ಕಾಡು. ಅರವತ್ತು ದಾಟಿದರೂ ಮದುವೆಯಾಗದ ತೂರೆ ಸಂಜೆಯಾದರೆ ಬೇಲಿಗೆ ಒರಗಿ ಆಚೆ ನೋಡುತ್ತಿದ್ದ. ಮೊದಮೊದಲು ಮರಗಳನ್ನು ನೋಡಿದ. ಆಮೇಲೆ ಮರಗಳ ಒಡತಿಯನ್ನು. ನಡುವಿನ ಬೇಲಿ ಕಿತ್ತರೆ ಎರಡೂ ಒಂದೇ ಕಾಡಾಗುತ್ತದೆ ಎಂಬ ಯೋಚನೆ ಬಂದಾಗ ಅವನ ಎದೆ ಡವಡವ ಹೊಡೆದುಕೊಂಡಿತು. ಪ್ರೀತಿ ಅಂದರೆ ಇದೇ ಇರಬೇಕು ಎಂದುಕೊಂಡ.

ಒಮ್ಮೆ ಅವಳ ಮರವೊಂದರ ಸುತ್ತ ಅಳತೆಯ ಟೇಪು ಹಿಡಿದು ನಿಂತಿದ್ದಾಗ ಸಿಗ್ನೆಯ ಕಣ್ಣಿಗೇ ಬಿದ್ದಿದ್ದ. "ಸುಮ್ಮನೆ, ಹೀಗೇ," ಎಂದಿದ್ದ. "ಅಳೀರಿ, ಅಳೀರಿ," ಎಂದು ಅವಳು ಹೊರಟುಹೋಗಿದ್ದಳು.

ಈ ಜನವರಿಯ ಬಿರುಗಾಳಿಗೆ ಸಿಗ್ನೆಯ ಕಾಡಿನಲ್ಲಿ ಮರಗಳು ಅಡ್ಡಾದಿಡ್ಡಿ ಮಲಗಿದವು. ಬೇಸಿಗೆಗೆ ಮೊದಲು ಕೊಯ್ದು ಹೊರಗೆ ಹಾಕದಿದ್ದರೆ ತೊಗಟೆಗೆ ಹುಳು ಹತ್ತಿ, ನಿಂತ ಮರಗಳೂ ಒಣಗುತ್ತವೆ. ಕೂಲಿಗೆ ಜನ ಸಿಗುವಂತಿರಲಿಲ್ಲ. ಎಲ್ಲರ ಕಾಡಿನಲ್ಲೂ ಅದೇ ಗೋಳು. ಭಾನುವಾರ ಚರ್ಚು ಮುಗಿದ ಮೇಲೆ ಕಾಫಿ ಕುಡಿಯುವಾಗ ಸಿಗ್ನೆ ತಾನಾಗಿ ಬಂದು ತೂರೆಯ ಪಕ್ಕ ಕುಳಿತಳು.

"ನಂಬಿಕಸ್ತ ಗರಗಸ ಒಂದು ಬೇಕಿತ್ತು. ನಿಮ್ಮಷ್ಟು ಗೊತ್ತಿರೋರು ಈ ಊರಲ್ಲಿ ಯಾರಿದ್ದಾರೆ?"

ತೂರೆ ಮರುದಿನವೇ ತಲೆಗೂದಲು ಕತ್ತರಿಸಿಕೊಂಡು ಬಂದ. ಗೊತ್ತಿದ್ದದ್ದೇನೋ ನಿಜ. ಗರಗಸಗಳ ಬಗ್ಗೆ ಪತ್ರಿಕೆಗಳಲ್ಲಿ ಬಂದದ್ದನ್ನೆಲ್ಲ ಓದಿಕೊಂಡಿದ್ದ. ಮರ ಕೊಯ್ಯುವ ಕೆಲಸವನ್ನು ಮಾತ್ರ ಎಷ್ಟೋ ವರ್ಷಗಳಿಂದ ಗುತ್ತಿಗೆಗೆ ಕೊಟ್ಟಿದ್ದ.

"ನೋಡಿ, ಚಿಕ್ಕದಾದ್ರೆ ದಪ್ಪ ಮರದಲ್ಲಿ ಸಿಕ್ಕಿ ಅದರ ಉಸಿರು ಹೋಗುತ್ತೆ," ಎಂದು ಅವನು ಬೆರಳೆತ್ತಿದ. "ದೊಡ್ಡದಾದ್ರೆ ಮಧ್ಯಾಹ್ನದೊಳಗೆ ನಮ್ಮ ಉಸಿರು ಹೋಗುತ್ತೆ. ಮಧ್ಯಮದ್ದೇ ಬೇಕು. ಐವತ್ತು ಸಿಸಿ, ಐದು ಕಿಲೋ ಆಸುಪಾಸು. ಕೊರೆಯೋ ಚಳೀಲೂ ತಕರಾರಿಲ್ಲದೆ ಶುರುವಾಗಬೇಕು. ಬ್ಲೇಡು ಮುಖದ ಕಡೆಗೆ ಎಗರಿದ್ರೆ ಬ್ರೇಕು ತಾನಾಗೇ ಬೀಳಬೇಕು."

"ಆಲ್ಗಟ್, ಆ ಮೇಲಿರೋದನ್ನ ತೆಗೆದುಕೊಡೋ," ಎಂದಳು ಸಿಗ್ನೆ.

ತೂರೆಗೆ ಒಳಗೊಳಗೇ ಖುಷಿಯಾಯಿತು. ಅಂಗಡಿಯವನಿಗೆ ಏಕವಚನ, ತನಗೆ ಬಹುವಚನ. ಯಾರನ್ನು ಎಲ್ಲಿಡಬೇಕೆಂಬುದು ಈ ಹೆಂಗಸಿಗೆ ಗೊತ್ತಿದೆ.

"ನಿಮ್ಮ ಕೈಗೆ ಸರಿಹೋಗುತ್ತಾ ನೋಡಿ," ಎಂದಳು ಅವಳು.

"ನನ್ನ ಕೈಗಾ?"

"ಮತ್ತಿನ್ಯಾರ ಕೈಗೆ?"

ತೂರೆ ಕಿವಿಯವರೆಗೂ ಕೆಂಪಾದ. ಕಾಲು ಅಗಲಿಸಿ, ಮೊಣಕಾಲು ಬಗ್ಗಿಸಿ, ಇಲ್ಲದ ಮರವೊಂದನ್ನು ಬುಡಕ್ಕೇ ಕೊಯ್ದು ತೋರಿಸಿದ. ಹಿಂದಿದ್ದ ಎಣ್ಣೆ ಡಬ್ಬಗಳು ಅವನ ಪೃಷ್ಠ ತಾಗಿ ಉರುಳಿದವು. ಆಲ್ಗಟ್ ಬಗ್ಗಿ ಒಂದೊಂದಾಗಿ ಎತ್ತಿಟ್ಟ, ನಗುತ್ತಲೇ.

"ಇಡೀ ದಿನ ಹಿಡಿದ್ರೆ ಸೊಂಟ ನೋಯಲ್ವಾ?" ಎಂದು ಸಿಗ್ನೆ ಕೇಳಿದಳು.

"ನನ್ನ ಸೊಂಟಾನಾ? ಕಬ್ಬಿಣ!" ಎಂದ, ಬೆಳಿಗ್ಗೆ ಬೂಟಿನ ದಾರ ಕಟ್ಟಲು ಕುರ್ಚಿ ಹುಡುಕಿದ್ದ ತೂರೆ.

"ಬಿದ್ದಿರೋದೆಲ್ಲ ಮೇ ತಿಂಗಳೊಳಗೆ ಮುಗಿಯುತ್ತಾ?"

"ನಾನಿರುವಾಗ ಮೇ ಯಾಕೆ? ಏಪ್ರಿಲ್ಲಲ್ಲೇ ಮುಗಿಸ್ತೀನಿ."

"ಕೂಲಿ ಎಷ್ಟು ಅಂತ ಈಗಲೇ ಮಾತಾಡಿಕೊಂಡ್ರೆ..."

"ಕೂಲಿ?" ತೂರೆ ನೊಂದುಕೊಂಡ. "ನಮ್ಮ ನಮ್ಮಲ್ಲಿ ಎಂಥಾ ಕೂಲಿ ಸಿಗ್ನೆ? ಒಂದು ಕ್ರೋನಾ ಮುಟ್ಟಲ್ಲ ನಾನು. ಇಕೊಳ್ಳಿ, ಮಾತು ಕೊಟ್ಟೆ." ಕೈ ಚಾಚಿದ. ಸಿಗ್ನೆ ಆ ಕೈಯನ್ನು ಗಟ್ಟಿಯಾಗಿ ಹಿಡಿದು ಕುಲುಕಿದಳು.

"ಕೇಳಿಸಿಕೊಂಡ್ಯಾ ಆಲ್ಗಟ್?"

"ಸ್ಪಷ್ಟವಾಗಿ," ಎಂದ ಆಲ್ಗಟ್. "ತೂರೆ, ಬೆಲೆ ನೋಡಿ ಹಿಂಜರೀಬೇಡ ಮಾರಾಯ. ಒಳ್ಳೇದನ್ನೇ ಆರಿಸು. ಎಲ್ಲಾ ಕೊನೆಗೆ ಒಂದೇ ಮನೆಗೆ ತಾನೇ?"

ಅಂದರೆ ಸುದ್ದಿ ಅಂಗಡಿಯವನವರೆಗೂ ಹೋಗಿದೆ! ತೂರೆ ಎಲ್ಲಕ್ಕಿಂತ ದುಬಾರಿಯದನ್ನು ಬೊಟ್ಟು ಮಾಡಿ ತೋರಿಸಿದ. ಆಲ್ಗಟ್ ಬಿಲ್ಲನ್ನೂ ಬರೆಯದೆ ಅದನ್ನು ಪೆಟ್ಟಿಗೆಗೆ ತುಂಬಿದ. ಮದುವೆಗೆ ಮುಂಗಡ ಉಡುಗೊರೆ ಕೊಡುತ್ತಿದ್ದಾನೆ, ಪಾಪ, ಮನುಷ್ಯ ಕೆಟ್ಟವನಲ್ಲ ಎಂದು ತೂರೆಗೆ ಅನ್ನಿಸಿತು. ಇದೇ ಸಮಯ. ಗಂಟಲು ಸರಿಮಾಡಿಕೊಂಡ.

"ಸಿಗ್ನೆ, ಹಾಗಾದ್ರೆ ಪಾದ್ರಿಗಳ ಹತ್ರ ಯಾವಾಗ ಮಾತಾಡೋಣ?"

"ಮಾತಾಡಿ ಆಯ್ತಲ್ಲ. ಈ ಶನಿವಾರವೇ ಮದುವೆ."

ಇಷ್ಟು ಬೇಗ ಎಂದು ತೂರೆ ಎಣಿಸಿರಲಿಲ್ಲ. "ಶನಿವಾರವೇ?"

"ನೀವೂ ಬರಲೇಬೇಕು," ಎನ್ನುತ್ತ ಸಿಗ್ನೆ ಕೌಂಟರಿನ ಆಚೆಗೆ ಹೋಗಿ ಆಲ್ಗಟ್‌ನ ಕಾಲರಿನ ಮೇಲಿನ ಧೂಳು ಕೊಡವಿದಳು. "ಮರುದಿನ ನಾನೂ ಇವನೂ ಕ್ಯಾನರಿ ದ್ವೀಪಗಳಿಗೆ ಹೊರಡ್ತೀವಿ, ವಾಪಸ್ ಬರೋದು ಮೇ ತಿಂಗಳಿಗೇ. ನೀವು ಸೋಮವಾರ ಶುರು ಮಾಡಿ ತೂರೆ. ಮನೆಗೆ ಬೀಗ ಹಾಕಿರುತ್ತೆ, ಮಧ್ಯಾಹ್ನದ ಬುತ್ತಿ ಮಾತ್ರ ನೀವೇ ಕಟ್ಟಿಕೊಂಡು ಬನ್ನಿ."