ಕುಚ್ಚು ಕಲಿಯಲು ಹೊರಟ ಅಜ್ಜಿ ಸೀರೆ ಅಂಗಡಿಗೆ ಹೋದದ್ದು...

ಇಂಚರಾಳಿಗೆ ಮದುವೆ ಛತ್ರದಲ್ಲೂ ಫೋನಿನದೇ ಧ್ಯಾನ...

ಮಂಡ್ಯದಲ್ಲಿ ಡಿಗ್ರಿ ಓದುವ ಹುಡುಗಿ. ಸೀರೆ ಸೆರಗಿಗೆ ಕುಚ್ಚು ಕಟ್ಟಲು ಕೂತರೆ ಊಟ, ನಿದ್ದೆ ಎರಡೂ ಮರೆಯುತ್ತಿದ್ದಳು.

"ಕುಚ್ಚು ಮನೆ" ಅಂತ ಒಂದು ಬ್ಲಾಗ್ ಮಾಡಿ, ಕಲಿಯಲು ಬರುವವರಿಗಾಗಿ ವಿಡಿಯೋ ಹಾಕಿ ಕಾಯುತ್ತಿದ್ದಳು.

ಬ್ಲಾಗಿಗೆ ಜನರನ್ನು ಕರೆಯಬೇಕಲ್ಲ? ಅದಕ್ಕೇ, ಯಾರು ಬೇಕಾದರೂ ಲೇಖನ ಹಾಕಬಹುದಾದ ಒಂದು ದೊಡ್ಡ ವೆಬ್‌ಸೈಟಿನಲ್ಲಿ ಕುಚ್ಚಿನ ಬಗ್ಗೆ ಬರೆಯುತ್ತಿದ್ದಳು. ಒಂದು ಲೇಖನದಲ್ಲಿ ಬ್ಲಾಗಿಗೆ ಒಂದೇ ಲಿಂಕ್ ಹಾಕಲು ಅವಕಾಶ... ಎಲ್ಲಿ ಬೇಕಾದರೂ ಇಡಬಹುದು.

ಅವಳು ಇಟ್ಟಿದ್ದು ಕಟ್ಟಕಡೆಯಲ್ಲಿ!

"ಬಂದ ತಕ್ಷಣ ನಮ್ಮನೆಗೆ ಬನ್ನಿ ಅಂದ್ರೆ ಚೆನ್ನಾಗಿರಲ್ಲ ಕಣಮ್ಮ. ತಾಂಬೂಲ ಊಟ ಆದ್ಮೇಲೆ ತಾನೆ ಕೊಡೋದು?" ಅಂತ ಅಮ್ಮನ ಹತ್ತಿರ ವಾದ ಬೇರೆ.

ಲೇಖನಗಳನ್ನು ಓದುವವರು ಬೇಕಾದಷ್ಟಿದ್ದರು... ಆದರೆ ಬ್ಲಾಗಿಗೆ ಬರುತ್ತಿದ್ದವರು ಅವಳು ಮತ್ತು ಅವಳ ಅಮ್ಮ ಮಾತ್ರ. ಅಮ್ಮನೂ ಮಗಳ ಕಾಟ ತಡೆಯಲಾರದೆ!

ಅವತ್ತು ಸೋದರಮಾವ ಶಿವನಂಜನ ಮಗಳ ಮದುವೆ. ಹೊರಡುವಾಗಲೇ ಇಂಚರಾ ತೀರ್ಮಾನ ಮಾಡಿಬಿಟ್ಟಿದ್ದಳು...

"ಇವತ್ತೂ ಯಾರೂ ಬರ್ಲಿಲ್ಲ ಅಂದ್ರೆ ಸಂಜೆ ಬ್ಲಾಗ್ ಡಿಲೀಟ್. ನಾನು ಬರೆಯೋದು ಯಾರಿಗೂ ಬೇಕಾಗಿಲ್ಲ."

ಛತ್ರದಲ್ಲಿ ಅವಳಿಗೆ ಸಿಕ್ಕ ಕೆಲಸ ತಾಂಬೂಲದ ಚೀಲ ಹಂಚುವುದು. ಹಾಲ್‌ನ ಬಾಗಿಲಲ್ಲಿ ತೆಂಗಿನಕಾಯಿಗಳ ರಾಶಿ ಮುಂದೆ ಕೂತಳು.

ಮುಹೂರ್ತ ಹತ್ತಿರ ಬಂತು... ಗಂಡಿನ ಕಡೆಯ ನಾಲ್ಕು ಜನ ಬಿಟ್ಟರೆ ಹಾಲ್ ಖಾಲಿ!

ಹಸೆಮಣೆಯ ಮೇಲೆ ಕೂತ ಮದುವೆ ಹುಡುಗಿ ಖಾಲಿ ಕುರ್ಚಿಗಳನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿತ್ತು.

"ಮನೆಮನೆಗೆ ಹೋಗಿ ಕರ್ದಿದ್ದೀನಿ ಕಣ್ ಮಗ! ಒಬ್ರೂ ಬರ್ನಿಲ್ವಲ್ಲ, ನಮ್ಮೇಲೆ ಏನ್ ಕೋಪವೋ ಜನಕ್ಕೆ!" ಶಿವನಂಜ ಮಾವ ಹೆಗಲ ಮೇಲಿನ ಶಲ್ಯದಲ್ಲೇ ಬೆವರು ಒರೆಸಿಕೊಂಡ.

ಅಷ್ಟರಲ್ಲಿ ಮಹಡಿ ಮೆಟ್ಟಿಲು ಇಳಿದು ಒಬ್ಬ ಅಜ್ಜಿ ಬಂದಳು. ಮಾವನ ಊರಿನ ಪುಟ್ಟಗೌರಮ್ಮ.

"ಅಯ್ಯೋ ಶಿವನಂಜ, ಇಲ್ಲಿದ್ದೀಯೇನ್ಲಾ! ಮ್ಯಾಲಿನ ಮದ್ವೇಲಿ ತಿಂಡಿ ತಿಂದ್ಬುಟ್ಟೆ. ಕೇಸರಿಬಾತು ಬಲೇ ಚೆನ್ನಾಗಿತ್ತು... ಹೆಣ್ಣಿನ ರೂಮಿಗೆ ಹೋಗಿ ನೋಡ್ತೀನಿ, ನಮ್ಮ ಮಗೀನೇ ಅಲ್ಲ!"

"ಮ್ಯಾಲಕ್ಕೆ ಯಾಕೆ ಹೋದೆ ಗೌರವ್ವ?"

"ಗೇಟಲ್ಲಿ ಅಷ್ಟು ದೊಡ್ಡ ಹೂವಿನ ಕಮಾನು ಹಾಕವ್ರೆ, ಲೈಟ್ ಜಗಜಗ ಅಂತದೆ. ಅದೇ ನಮ್ದು ಅಂದ್ಕೊಂಡೆ. ನಮ್ಮೂರೋರೆಲ್ಲ ಅಲ್ಲೇ ಅವ್ರೆ, ಹೆಣ್ಣು ಬರ್ಲಿ ಅಂತ ಕಾಯ್ತಾವ್ರೆ!"

ಹೇಳುತ್ತಾ ಹೇಳುತ್ತಾ ಅಜ್ಜಿಯ ಕೈ ಇಂಚರಾಳ ಸೆರಗಿಗೆ ಬಂತು. ಕುಚ್ಚನ್ನು ಬೆರಳಲ್ಲಿ ಸವರಿದಳು...

"ಈ ಮಣಿ ಕುಚ್ಚು... ಇದನ್ನ ನಾನು ಫೋನಲ್ಲಿ ನೋಡಿದ್ದೀನಿ ಕಣವ್ವ."

"ಅದರ ಬಗ್ಗೆ ಬರೆದಿದ್ದು ನಾನೇ ಅಜ್ಜಿ!"

"ನೀನೇನಾ ಆ ಸುಳ್ಳಿ!" ಅಜ್ಜಿ ಅವಳ ಕಿವಿಯನ್ನೇ ಹಿಡಿದಳು. "ಕಲಿಸ್ತೀನಿ ಬನ್ನಿ ಅಂತೀಯ, ಒತ್ತುದ್ರೆ ಸೀರೆ ಅಂಗಡಿ ಬತ್ತದೆ! ಎಷ್ಟು ಸಲ ಒತ್ತಿದ್ದೀನಿ ಗೊತ್ತಾ? ಮೊಮ್ಮಗಳ ಸೀಮಂತದ ಸೀರೆಗೆ ನನ್ನ ಕೈಯಾರೆ ಕಟ್ಬೇಕು ಅಂತ ಆಸೆ..."

ಅಜ್ಜಿ ಫೋನ್ ತೆಗೆದು ತೋರಿಸಿದಳು.

ಇಂಚರಾ ದಂಗಾದಳು... ಅವಳ ಕೊನೆಯ ಸಾಲಿಗೂ ಲಿಂಕಿಗೂ ನಡುವೆ ಬಣ್ಣಬಣ್ಣದ ಜಾಹೀರಾತು. ಅದರಲ್ಲಿ ದಪ್ಪಕ್ಷರದಲ್ಲಿ "ಇಲ್ಲಿ ಒತ್ತಿ". ಅವಳ ಲಿಂಕ್ ಅದರ ಕೆಳಗೆಲ್ಲೋ, ಪುಟ್ಟದಾಗಿ, ಬಡಪಾಯಿ ಹಾಗೆ!

ಬರೆಯುವವರ ಪುಟದಲ್ಲಿ ಜಾಹೀರಾತು ಕಾಣುತ್ತಿರಲಿಲ್ಲ. ತನ್ನ ಲೇಖನವನ್ನು ಓದುವವರ ಕಣ್ಣಿಂದ ಅವಳು ಒಮ್ಮೆಯೂ ನೋಡಿರಲಿಲ್ಲ.

ಜನ ಬಂದಿದ್ದರು... ಅವಳ ಮನೆಗೇ ಹೊರಟಿದ್ದರು... ಕಮಾನು ನೋಡಿ ಮಹಡಿ ಹತ್ತಿಬಿಟ್ಟಿದ್ದರು!

ಇಂಚರಾ ಅಳಲಿಲ್ಲ. ಜೋರಾಗಿ ನಕ್ಕುಬಿಟ್ಟಳು!

"ಮಾವ, ತಾಂಬೂಲ ಆಮೇಲೆ! ಮೊದ್ಲು ಪನ್ನೀರು, ಕಲ್ಲುಸಕ್ಕರೆ ಕೊಡಿ!"

ಅಜ್ಜಿಯನ್ನು ಮಹಡಿಗೆ ಅಟ್ಟಿ, ತಾನು ಗೇಟಿಗೆ ಓಡಿದಳು. ಕಮಾನಿಗಿಂತ ಹತ್ತು ಹೆಜ್ಜೆ ಮುಂದೆಯೇ ನಿಂತು ಬರುತ್ತಿದ್ದ ಎಲ್ಲರಿಗೂ ಪನ್ನೀರು ಚಿಮುಕಿಸಿದಳು... "ಶಿವನಂಜಪ್ಪನೋರ ಮನೆ ಮದುವೆ ಇಲ್ಲಿ, ಕೆಳಗಿನ ಹಾಲ್, ಬನ್ನಿ ಬನ್ನಿ!"

ಮಹಡಿಯಲ್ಲಿ ಅಜ್ಜಿಯ ಗಂಟಲಿಗೆ ಮೈಕೇ ಬೇಕಿರಲಿಲ್ಲ. "ಏಳ್ರಲಾ! ತಿಂದಿದ್ದು ಸಾಕು, ನಮ್ಮ ಹೆಣ್ಣು ಕೆಳಗೈತೆ!"

ಊರಿಗೆ ಊರೇ ನಗುತ್ತಾ ಮೆಟ್ಟಿಲಿಳಿಯಿತು. ಮೇಲಿನ ಮದುವೆಯವರೂ ನಕ್ಕು, "ಹೋಗ್ಬನ್ನಿ, ಊಟಕ್ಕೆ ಬೇಕಾದ್ರೆ ಮತ್ತೆ ಬನ್ನಿ" ಅಂತ ಕಳಿಸಿಕೊಟ್ಟರು.

ಗಟ್ಟಿಮೇಳ ಮೊಳಗಿದಾಗ ಹಾಲ್‌ನಲ್ಲಿ ನಿಲ್ಲಲೂ ಜಾಗವಿರಲಿಲ್ಲ! ಧಾರೆಗೆ ನಿಂತ ಹುಡುಗಿಯ ಮುಖದ ನಗು ನೋಡಬೇಕಿತ್ತು...

ಊಟ ಮುಗಿದ ಮೇಲೆ ಇಂಚರಾ ಅಲ್ಲೇ ಕೂತು ಲೇಖನ ತಿದ್ದಿದಳು. ವೆಬ್‌ಸೈಟಿನ ಮೇಲೆ ಸಿಟ್ಟೇನೂ ಬರಲಿಲ್ಲ. ಜಾಹೀರಾತಿನಿಂದಲೇ ಅವರ ಸಂಸಾರ ನಡೆಯಬೇಕು. ಕಮಾನು ಹಾಕುವುದು ಅವರ ಕೆಲಸ... ಕಮಾನಿಗೆ ಮೊದಲೇ ನಿಂತು ಕರೆಯುವುದು ತನ್ನ ಕೆಲಸ.

ಲಿಂಕನ್ನು ಮೇಲಕ್ಕೆ ತಂದಳು. ಮೊದಲ ಗಂಟು ಹಾಕುವುದನ್ನು ವಿವರಿಸಿದ ಕೂಡಲೇ ಬರೆದಳು... "ಗಂಟು ಜಾರುತ್ತಿದೆಯಾ? ಬನ್ನಿ, ಕೈ ಹಿಡಿದು ತೋರಿಸುತ್ತೇನೆ."

"ಈಗ ಒತ್ತಿ ಅಜ್ಜಿ."

ಪುಟ್ಟಗೌರಮ್ಮ ಒತ್ತಿದಳು. ಸೀರೆ ಅಂಗಡಿ ಬರಲಿಲ್ಲ... "ಕುಚ್ಚು ಮನೆ" ತೆರೆಯಿತು!

ಬ್ಲಾಗ್ ಡಿಲೀಟ್ ಆಗಲಿಲ್ಲ. ಒಬ್ಬೊಬ್ಬರಾಗಿ ಜನ ಬರತೊಡಗಿದರು.

ಮುಂದಿನ ವಾರ ಅಲ್ಲಿಗೆ ಒಂದು ಫೋಟೋ ಬಂತು. ಹಸಿರು ಸೀರೆ, ಅದಕ್ಕೆ ವಕ್ರವಕ್ರ ಕುಚ್ಚು, ಪಕ್ಕದಲ್ಲಿ ನಗುತ್ತಿರುವ ಗರ್ಭಿಣಿ ಮೊಮ್ಮಗಳು. ಕೆಳಗೆ ಒಂದೇ ಸಾಲು...

"ಸುಳ್ಳಿ ಅಂದಿದ್ದಕ್ಕೆ ಬೇಜಾರು ಮಾಡ್ಕೋಬೇಡ ಕೂಸೇ."

ಆಗ ಮಾತ್ರ ಇಂಚರಾ ಅತ್ತಳು... ನಗುತ್ತಲೇ!

*

ಯಾರೂ ಬರಲಿಲ್ಲ ಅಂತ ಬಾಗಿಲು ಹಾಕುವ ಮೊದಲು, ಬರಲು ಹೊರಟವರು ಎಲ್ಲಿ ದಾರಿ ತಪ್ಪಿದರು ಅಂತ ಗೇಟಿನವರೆಗೆ ಹೋಗಿ ನೋಡಿ.

ನೀವು "ಕೊನೆಯಲ್ಲಿ ಕರೆದರಾಯ್ತು" ಅಂತ ಬಿಟ್ಟಿರುವವರು ಯಾರು? ಇವತ್ತೇ ಒಮ್ಮೆ ಕರೆದು ನೋಡ್ತೀರಾ...?