ಕುದುರೆಯಾದ ಯಜ್ಞೇಶ್ವರ

ಐದನೆಯ ಭಾನುವಾರವೂ ಚಾಂದನಿ ನಡೆಯಲಿಲ್ಲ. ಪಾಲಿಟೆಕ್ನಿಕ್ಕಿನ ಮೆಕ್ಯಾನಿಕಲ್ ಮಾಸ್ತರ ಯಜ್ಞೇಶ್ವರನನ್ನು ಬೆನ್ನ ಮೇಲೆ ಹೊತ್ತು, ಧಾರವಾಡದ ಹೊರಗಿನ ಮುಗದ ಊರಿನ ರಸ್ತೆಯ ಬಯಲಿನಲ್ಲಿ ಆ ಬಿಳಿ ಹೆಣ್ಣುಕುದುರೆ ಮೈಲಿಗಲ್ಲಿನಂತೆ ನಿಂತಿತ್ತು. ಮಾಸ್ತರನ ಬೆನ್ನು ನೆಟ್ಟಗಿತ್ತು, ಹಿಮ್ಮಡಿ ಕೆಳಗಿತ್ತು, ಮೊಣಕೈ ಪುಸ್ತಕದಲ್ಲಿ ಹೇಳಿದ ಕೋನದಲ್ಲೇ ಇತ್ತು. ಕುದುರೆ ಮಾತ್ರ ಆ ಪುಸ್ತಕ ಓದಿರಲಿಲ್ಲ.

"ಇದರಾಗ ಏನೋ ದೋಷ ಅದರೀ ಹುಸ್ನಾಬಾಯಿ. ಬ್ಯಾರೆ ಕುದುರಿ ಕೊಡ್ರಿ."

ಹುಬ್ಬಳ್ಳಿಯಲ್ಲಿ ಮೂರು ತಲೆಮಾರು ಟಾಂಗಾ ಓಡಿಸಿದ ಮನೆತನದ ಹುಸ್ನಾ ಈಗ ಸವಾರಿ ಕಲಿಸುತ್ತಾಳೆ. ದೋಷದ ಮಾತು ಅವಳಿಗೆ ಹಿಡಿಸಲಿಲ್ಲ. "ಬ್ಯಾರೇದಂದ್ರ ಆ ಗಿಡ್ಡ ತಟ್ಟು ಐತ್ರಿ ಸರ. ಅದರ ಮ್ಯಾಲ ಎರಡನೇ ಕ್ಲಾಸಿನ ಹುಡುಗೂರು ಕುಂದರತಾವ. ಇವತ್ತ ಚಾಂದನಿ ಒಂದು ಸುತ್ತು ಹಾಕಲಿಲ್ಲಂದ್ರ ಮುಂದಿನ ವಾರದಿಂದ ನೀವೂ ಅವರ ಕೂಡನ."

ಬೇಲಿಯ ಬಳಿ ನಿಂತಿದ್ದ ಮಾಸ್ತರನ ಮಗಳು ಸುರಭಿ ಕಿಸಕ್ಕನೆ ನಕ್ಕಳು. ಹತ್ತೊಂಬತ್ತರ ಹುಡುಗಿ, ಲೈಸೆನ್ಸ್ ಬಂದು ಮೂರು ತಿಂಗಳಾದರೂ ಸ್ಕೂಟರಿನಲ್ಲಿ ಅಪ್ಪನ ಬೆನ್ನ ಹಿಂದೆಯೇ ಕುಳಿತು ಬಂದಿದ್ದಳು.

"ನಗೋದು ಸಾಕು, ಬಾರವ್ವಾ ಇಲ್ಲೆ," ಎಂದಳು ಹುಸ್ನಾ. "ಸರ, ನೀವು ಇಳೀರಿ. ಇವತ್ತ ನೀವ ಕುದುರಿ."

ಇನ್ನೊಂದು ಲಗಾಮು ತಂದು, ಅದರ ನಡುವನ್ನು ಮಾಸ್ತರನ ಎರಡು ಮುಷ್ಟಿಗೆ ಕೊಟ್ಟು ಕಣ್ಣು ಮುಚ್ಚಿಸಿದಳು. ತುದಿಗಳನ್ನು ಹಿಡಿದು ಸುರಭಿ ಅಪ್ಪನ ಹಿಂದೆ ನಿಂತಳು. "ನಿಮ್ಮಪ್ಪ ಹೆಂಗ ಹಿಡೀತಾರ, ಹಂಗ ಹಿಡಿ. ಒಂಚೂರೂ ಹೆಚ್ಚುಕಡಿಮಿ ಮಾಡಬ್ಯಾಡ."

ಸುರಭಿಗೆ ಹೇಳಿಕೊಡುವ ಅಗತ್ಯವಿರಲಿಲ್ಲ. "ಹೂಂ, ನಡಿ!" ಎಂದು ಮೊಣಕಾಲಿನಿಂದ ಹಿಂದೆ ಗುದ್ದಿದಳು. ಮಾಸ್ತರ ಕಾಲೆತ್ತಿದ. ಅಷ್ಟರಲ್ಲೇ ಲಗಾಮು ಬಿಗಿಯಾಗಿ ಹಿಂದಕ್ಕೆ ಜಗ್ಗಿತು. ಕಾಲು ಕೆಳಗಿಟ್ಟ. ಮತ್ತೆ ಗುದ್ದು, ಮತ್ತೆ ಜಗ್ಗು. ತಟ್ಟುವಿನ ಸವಾರಿಗೆ ಬಂದಿದ್ದ ಮಕ್ಕಳೆಲ್ಲ ಸುತ್ತ ನೆರೆದರು. ಒಬ್ಬಳು ಪುಟ್ಟಿ ಮಾಸ್ತರನ ಬಾಯಿಯ ಹತ್ತಿರ ಹಸಿಹುಲ್ಲು ಹಿಡಿದಳು.

"ಏ, ನಡಿ ಅಂತೀಯೋ, ನಿಲ್ಲು ಅಂತೀಯೋ? ಒಂದ ಹೇಳು!" ಮಾಸ್ತರ ಸಿಡುಕಿದ.

"ಅದನ್ನ ನಾನೂ ಕೇಳೋದಪ್ಪಾ. ಗಾಡಿ ಕಲಿ ಅಂದಿ, ನೀನ ಲೈಸೆನ್ಸ್ ಮಾಡಿಸಿದಿ. ಕೀಲಿ ಮಾತ್ರ ನಿನ್ನ ಕಿಸೆದಾಗ."

ಹುಸ್ನಾ ಏನೂ ಕೇಳಿಸದವಳಂತೆ ಚಾಂದನಿಯ ಹಲ್ಲು ನೋಡತೊಡಗಿದಳು.

ಮಾಸ್ತರ ಮತ್ತೆ ಕುದುರೆ ಏರಿದ. ಬೆರಳು ಸಡಿಲಿಸಿದ, ಅದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು. ಹಿಮ್ಮಡಿಯನ್ನು ಸುಮ್ಮನೆ ತಾಗಿಸಿದ. ಚಾಂದನಿ ಒಂದು ಕಿವಿಯನ್ನಷ್ಟೇ ಹಿಂದಕ್ಕೆ ತಿರುಗಿಸಿ, ಕೇಳಿದ್ದು ಖರೆಯೋ ಸುಳ್ಳೋ ಎಂದು ಕಾಯಿತು. ಆಮೇಲೆ ನಡೆಯಿತು. ಒಂದು ಪೂರಾ ಸುತ್ತು.

"ಕುತ್ತಿಗಿ ತಟ್ರಿ, ಶಾಬ್ಬಾಸ್ ಅನ್ರಿ, ಬೆಲ್ಲ ಕೊಡ್ರಿ," ಎಂದು ಕೂಗಿದಳು ಹುಸ್ನಾ. "ನಡದದ್ದು ಅದು, ನೀವಲ್ಲ!" ಮಾಸ್ತರ ಮೂರನ್ನೂ ಮಾಡಿ, ಅವಳು ಕೊಟ್ಟ ಬೆಲ್ಲದಲ್ಲಿ ಉಳಿದ ಚೂರನ್ನು ಕಿಸೆಗೆ ಹಾಕಿಕೊಂಡ.

ಹೊರಡುವಾಗ ಕೀಲಿಯನ್ನು ತಾನೇ ಮಗಳ ಕೈಗಿಟ್ಟು, ಸ್ಕೂಟರಿನ ಹಿಂದೆ ಕುಳಿತ. ಧಾರವಾಡದ ಕಡೆಯಿಂದ ಕಬ್ಬಿನ ಟ್ರ್ಯಾಕ್ಟರೊಂದು ಎದುರು ಬಂದದ್ದೇ ತಡ, ಅವನ ಹತ್ತೂ ಬೆರಳು ಮಗಳ ಹೆಗಲಿಗೆ ಕಚ್ಚಿಕೊಂಡು ಹಿಂದಕ್ಕೆ ಜಗ್ಗಿದವು. ಸುರಭಿ ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು. ತಿರುಗಲಿಲ್ಲ. ಥೇಟ್ ಚಾಂದನಿಯಂತೆ ನಿಂತಳು. ಮಾಸ್ತರ ತನ್ನ ಕೈಗಳನ್ನು ನೋಡಿಕೊಂಡ. ಒಂದೊಂದೇ ಬೆರಳು ಬಿಡಿಸಿದ. ಗಾಡಿ ಹೊರಟಿತು.

ಮನೆಯ ಮುಂದೆ ಇಳಿದವನು ಮಗಳ ಹೆಲ್ಮೆಟ್ಟಿನ ಮೇಲೆ ಎರಡು ಸಲ ತಟ್ಟಿದ. "ಶಾಬ್ಬಾಸ್."

ಸುರಭಿ ಅಂಗೈ ಚಾಚಿದಳು. "ಬೆಲ್ಲ?"

ಮಾಸ್ತರ ಕಿಸೆಗೆ ಕೈ ಹಾಕಿದ. ಬಿಸಿಲಿಗೆ ಕರಗಿದ ಬೆಲ್ಲಕ್ಕೆ ಸ್ಕೂಟರಿನ ಎರಡನೆಯ ಕೀಲಿ ಅಂಟಿಕೊಂಡಿತ್ತು. ಅವನು ಒಂದು ಗಳಿಗೆ ಯೋಚಿಸಿ, ಬೆಲ್ಲವನ್ನಷ್ಟೇ ಬಿಡಿಸಿ ಕೊಟ್ಟ.